ಸಿಲ್ವರ್ ಓಕ್ ಕಡಿದ ಜಾಗದಲ್ಲಿ ಕಾಡುಮರ ತಾನೇ ಹುಟ್ಟಬೇಕೆಂದರೆ

ಕೊಡಗಿನ ಇಳಿಜಾರುಗಳಲ್ಲಿ ಸಿಲ್ವರ್ ಓಕನ್ನೋ ತೇಗವನ್ನೋ ಸಾಲಾಗಿ ಬೆಳೆದು ಒಟ್ಟಿಗೆ ಕಡಿದರೆ ಮೊದಲು ಕೆಡುವುದು ಮೇಲಿನ ಒಂದಡಿ ಮಣ್ಣು. ನಾಟಾ ಎಳೆಯುವ ಟ್ರ್ಯಾಕ್ಟರ್ ಮೊದಲ ಕೆಲವೇ ಓಡಾಟದಲ್ಲಿ ಮಣ್ಣನ್ನು ಬಹುಪಾಲು ಗಟ್ಟಿ ಮಾಡಿರುತ್ತದೆ. ಹಾಗಾಗಿ ಎಲ್ಲೆಡೆ ಓಡಿಸದೆ ಒಂದೇ ಜಾಡು ಗುರುತಿಸಿ. ಕಡಿತ ಜನವರಿಯಿಂದ ಮಾರ್ಚ್ ಒಳಗೆ ಮುಗಿಯಲಿ. ನಡುವೆ ಹೂಮಳೆ (ಕಾಫಿ ಹೂವರಳಿಸುವ ಬೇಸಿಗೆ ಮಳೆ) ಬಂದರೆ ಮಣ್ಣು ಆರುವ ತನಕ ಎಳೆಯುವುದನ್ನು ನಿಲ್ಲಿಸಿ.

ತೊಗಟೆ, ಸೊಪ್ಪು, ಸಣ್ಣ ರೆಂಬೆ ಅಲ್ಲೇ ಉಳಿಯಲಿ. ದಿಮ್ಮಿಗಿಂತ ಇವುಗಳಲ್ಲೇ ಪೋಷಕಾಂಶ ದಟ್ಟವಾಗಿರುತ್ತದೆ. ಬೆಂಕಿ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ, ಬೂದಿ ಜೂನ್ ಮಳೆಗೆ ತೋಡು ಸೇರುತ್ತದೆ. ಬುಡಗಳನ್ನು ಜೆಸಿಬಿಯಿಂದ ಕೀಳಿಸಲೇಬೇಡಿ.

ಇನ್ನು ಮಣ್ಣು ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯುವ ಪರೀಕ್ಷೆ. 15 ಸೆಂ.ಮೀ. ವ್ಯಾಸದ, ಎರಡೂ ಕಡೆ ತೆರೆದ ತಗಡಿನ ಬಳೆಯನ್ನು 7–8 ಸೆಂ.ಮೀ. ಆಳಕ್ಕೆ ಬಡಿದು ಕೂರಿಸಿ, ಒಳಅಂಚಿನ ಮಣ್ಣನ್ನು ಬೆರಳಿನಿಂದ ಒತ್ತಿ; ಇಲ್ಲದಿದ್ದರೆ ನೀರು ಬದಿಯಿಂದ ಜಾರಿ ಲೆಕ್ಕ ತಪ್ಪುತ್ತದೆ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ 450 ಮಿ.ಲೀ. ನೀರು ಹೊಯ್ದು ಹಾಳೆಯನ್ನು ಮೆಲ್ಲಗೆ ಎಳೆಯಿರಿ. ಅದು ಇಂಗಿದ ಮೇಲೆ ಮತ್ತೆ ಅಷ್ಟೇ ಹೊಯ್ಯಿರಿ. ಎರಡನೆಯ ಸಲ ಹಿಡಿದ ಸಮಯವೇ ಲೆಕ್ಕಕ್ಕೆ. ಇದನ್ನು ಜಾಡಿನಲ್ಲೂ ಹಳೆಯ ಅತ್ತಿ ಅಥವಾ ಹಲಸಿನ ನೆರಳಲ್ಲೂ ಮಾಡಿ ಹೋಲಿಸಿ. ಜಾಡಿನಲ್ಲಿ ಹಲವು ಪಟ್ಟು ಹೊತ್ತು ಹಿಡಿದರೆ ಅಲ್ಲಿ ಬಿದ್ದ ಬೀಜ ಮೊಳೆತರೂ ತಾಯಿಬೇರು ಇಳಿಯದು, ಬೇಸಿಗೆಗೆ ಒಣಗುತ್ತದೆ. ಅಷ್ಟು ಭಾಗವನ್ನು ಮಾತ್ರ ಇಳಿಜಾರಿಗೆ ಅಡ್ಡಲಾಗಿ 30 ಸೆಂ.ಮೀ. ಅಗೆದು ಸಡಿಲಿಸಿ ತರಗೆಲೆ ಮುಚ್ಚಿ.

ಸಸಿ ನೆಡುವ ಅವಸರ ಬೇಡ. ಒಂದು ಮಳೆಗಾಲ ಕಾದು, ಕಳೆ ಕೊಚ್ಚುವ ಮೊದಲೇ ತಾನಾಗಿ ಹುಟ್ಟಿದ್ದಕ್ಕೆಲ್ಲ ಗೂಟ ಹೊಡೆಯಿರಿ. ಈ ಕೆಲಸ ಬಿಟ್ಟರೆ ಉಳಿದದ್ದೆಲ್ಲ ದಂಡ, ಏಕೆಂದರೆ ಕಳೆ ಕೊಚ್ಚುವ ಯಂತ್ರಕ್ಕೆ ಲಂಟಾನವೂ ಒಂದೇ, ನಂದಿ ಮರದ ಸಸಿಯೂ ಒಂದೇ. ಸಸಿಯ ಸುತ್ತ ಅರ್ಧ ಮೀಟರ್ ಮಾತ್ರ ಕೈಯಲ್ಲಿ ಕಳೆ ತೆಗೆಯಿರಿ. ಬೀಟೆ ಬೇರಿನಿಂದಲೂ ಚಿಗುರುತ್ತದೆ, ದಪ್ಪನೆಯ ಚಿಗುರೊಂದನ್ನು ಉಳಿಸಿ. ಮುಂದೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಾದೀತೆಂದು ಬೀಟೆ, ಹೊನ್ನೆಗಳನ್ನು ಎಳೆಯದರಲ್ಲೇ ಸವರುವುದುಂಟು. ತೋಟದ ನೆರಳಿಗೂ ಮಣ್ಣಿಗೂ ಅದು ದೊಡ್ಡ ನಷ್ಟ.

ನಂದಿ, ಮತ್ತಿ, ಹೊನ್ನೆಯ ರೆಕ್ಕೆಬೀಜ ಗಾಳಿಗೆ ಬರುತ್ತದೆ. ಅತ್ತಿ, ಬಸರಿಯ ಬೀಜವನ್ನು ಕುಟ್ರು, ಮಂಗಟ್ಟೆ ಹಕ್ಕಿಗಳು ತರುತ್ತವೆ. ಧೂಪದ ಮರದ ಬೀಜ ಭಾರ, ತಾಯಿಮರದ ಬುಡದಲ್ಲೇ ಬೀಳುತ್ತದೆ. ಅದೊಂದನ್ನು ನೀವೇ ತರಬೇಕು. ಒಣಗಿಸಿಟ್ಟರೆ ಸಾಯುತ್ತದೆ, ಮಳೆ ಹಿಡಿದಾಗ ಆಯ್ದು, ಒಂದೆರಡು ದಿನದೊಳಗೆ ನೆರಳಿನಲ್ಲಿ ಅರ್ಧ ಹೂತು ತರಗೆಲೆ ಮುಚ್ಚಿ.