ದುಬೈ ಕಾಗದ, ತೀರ್ಥಹಳ್ಳಿ ತೋಟ

ಊರಿಗೆ ವಾಪಸ್ ಬಂದು ಎರಡು ವರ್ಷ ಆಯಿತು. ಆದರೂ ದುಬೈ, ಶಾರ್ಜಾದಿಂದ ಬರುವ ಫೋನ್ ನಿಂತಿಲ್ಲ. ಮೊದಲೆಲ್ಲ ಅಲ್ಲಿಯವರು ಶುಕ್ರವಾರ ಫೋನ್ ಮಾಡುತ್ತಿದ್ದರು. 2022ರಲ್ಲಿ ವಾರದ ರಜೆ ಬದಲಾದ ಮೇಲೆ ಭಾನುವಾರ ಮಾಡುತ್ತಾರೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಯಾರದೋ ಸಾಲದ ಕಥೆ, ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಗ್ರಾಚ್ಯುಟಿ ದುಡ್ಡಿನ ಯಾರದೋ ಜಗಳ ಕೇಳುತ್ತೇನೆ.

ನಾನು ವಕೀಲ ಅಲ್ಲ. ಶಾರ್ಜಾದ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಹದಿನಾರು ವರ್ಷ ಎಚ್‌ಆರ್ ಗುಮಾಸ್ತನಾಗಿದ್ದೆ. ವೀಸಾ, ಸಂಬಳ, ರಜೆ, ಕೆಲವೊಮ್ಮೆ ಶವ ಊರಿಗೆ ಕಳಿಸುವ ಕಾಗದ, ಎಲ್ಲ ನನ್ನ ಟೇಬಲ್ ದಾಟಿಯೇ ಹೋಗುತ್ತಿತ್ತು. ನಮ್ಮ ಕಡೆಯವರು ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದುದು ಒಂದೇ ತಪ್ಪಿಗೆ. ಅಲ್ಲಿಯ ವಿಷಯಕ್ಕೆ ಊರಿನ ಲೆಕ್ಕ ಹಾಕುತ್ತಾರೆ, ಊರಿನ ವಿಷಯಕ್ಕೆ ಅಲ್ಲಿಯ ಲೆಕ್ಕ ಹಾಕುತ್ತಾರೆ.

ಮೊದಲು ಕೆಲಸದ ವಿಷಯ. ದುಬೈ, ಶಾರ್ಜಾ, ಅಬುಧಾಬಿ ಎಲ್ಲ ಸೇರಿದ ಯುಎಇ ದೇಶದಲ್ಲಿ ಖಾಸಗಿ ಕಂಪನಿಗಳಿಗೆ ಈಗ ಇರುವುದು 2021ರ 33ನೇ ನಂಬರಿನ ಕಾರ್ಮಿಕ ಕಾನೂನು. 2022ರ ಫೆಬ್ರವರಿ 2ಕ್ಕೆ ಜಾರಿಗೆ ಬಂತು. ಮನೆಗೆಲಸದವರಿಗೆ, ಮನೆ ಡ್ರೈವರುಗಳಿಗೆ ಬೇರೆ ಕಾನೂನು ಇದೆ. ದುಬೈನ ಡಿಐಎಫ್‌ಸಿ, ಅಬುಧಾಬಿಯ ಎಡಿಜಿಎಂ ಎಂಬ ಹಣಕಾಸು ವಲಯಗಳದ್ದೂ ಬೇರೆಯೇ.

ಅತಿ ಜಾಸ್ತಿ ಬರುವ ಪ್ರಶ್ನೆ ಗ್ರಾಚ್ಯುಟಿಯದ್ದು. ‘ನನ್ನ ಸಂಬಳ 4,000 ದಿರ್ಹಮ್, ಏಳು ವರ್ಷ ದುಡಿದಿದ್ದೇನೆ, ಕಂಪನಿ 11,000 ಕೊಡುತ್ತೇನೆ ಅನ್ನುತ್ತಿದೆ, ಮೋಸ ಅಲ್ವಾ?’ ಎಂದು ಹೊಸನಗರದ ಹುಡುಗನೊಬ್ಬ ಕೇಳಿದ. ಮೋಸ ಅಲ್ಲ. ಗ್ರಾಚ್ಯುಟಿ ಲೆಕ್ಕ ಹಾಕುವುದು ಬೇಸಿಕ್, ಅಂದರೆ ಭತ್ಯೆ ಬಿಟ್ಟ ಮೂಲ ಸಂಬಳದ ಮೇಲೆ ಮಾತ್ರ. ಅವನ ಬೇಸಿಕ್ 2,000, ಉಳಿದದ್ದು ಮನೆ ಬಾಡಿಗೆ, ಓಡಾಟದ ಭತ್ಯೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಅಂದರೆ 1,400. ಐದು ವರ್ಷಕ್ಕೆ 7,000. ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಎರಡು ವರ್ಷಕ್ಕೆ 4,000. ಒಟ್ಟು 11,000. ಎಷ್ಟೇ ವರ್ಷ ದುಡಿದರೂ ಎರಡು ವರ್ಷದ ಸಂಬಳಕ್ಕಿಂತ ಹೆಚ್ಚು ಬರುವುದಿಲ್ಲ. ಒಂದು ವರ್ಷ ತುಂಬದಿದ್ದರೆ ಏನೂ ಇಲ್ಲ. ಸಂಬಳವಿಲ್ಲದ ರಜೆಯ ದಿನಗಳೂ ಕಳೆದು ಹೋಗುತ್ತವೆ.

ಕಂಪನಿಗಳು ಬೇಸಿಕ್ ಕಡಿಮೆ ಇಟ್ಟು ಭತ್ಯೆ ಜಾಸ್ತಿ ಮಾಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಆಫರ್ ಲೆಟರಿಗೆ ಸಹಿ ಹಾಕುವಾಗ ನಮ್ಮ ಹುಡುಗರು ಒಟ್ಟು ಎಷ್ಟು ಅಂತ ನೋಡುತ್ತಾರೆ. ನೋಡಬೇಕಾದದ್ದು ಮೇಲಿನ ಬೇಸಿಕ್ ಸಾಲು. ಇನ್ನೊಂದು ಮಾತು: ಹಳೇ ಕಾನೂನಿನಲ್ಲಿ ತಾನೇ ರಾಜೀನಾಮೆ ಕೊಟ್ಟವನಿಗೆ ಗ್ರಾಚ್ಯುಟಿ ಕಡಿತ ಇತ್ತು. ಈಗ ಇಲ್ಲ. ಹಳಬರು ಈಗಲೂ ಹೊಸಬರನ್ನು ಇದೇ ವಿಷಯಕ್ಕೆ ಹೆದರಿಸುತ್ತಾರೆ, ನಂಬಬೇಡಿ. ಕೆಲಸ ಮುಗಿದ 14 ದಿನದೊಳಗೆ ಎಲ್ಲ ಬಾಕಿ ಕೊಡಬೇಕು.

ಪಾಸ್‌ಪೋರ್ಟ್ ಕಂಪನಿ ಇಟ್ಟುಕೊಳ್ಳುವಂತಿಲ್ಲ. ಇದನ್ನು ಹೇಳುವಾಗ ನನಗೇ ನಾಚಿಕೆ. ಒಂದು ಕಾಲಕ್ಕೆ ನಮ್ಮ ಆಫೀಸಿನ ಬೀರುವಿನಲ್ಲೂ ಪಾಸ್‌ಪೋರ್ಟಿನ ಕಟ್ಟುಗಳು ಇದ್ದವು, ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ವೀಸಾ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವುದೂ ತಪ್ಪು. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಮಾಡಿದವನಿಗೆ ಮಾತ್ರ ಇದ್ಯಾವುದೂ ಸುಲಭಕ್ಕೆ ದಕ್ಕುವುದಿಲ್ಲ, ಅವನೇ ಕಾನೂನು ಮುರಿದ ಹಾಗೆ ಆಗಿರುತ್ತದೆ.

ಸಂಬಳ ನಿಂತರೆ ಮುನಿಸಿಕೊಂಡು ರೂಮಿನಲ್ಲಿ ಮಲಗಬೇಡಿ. ಊರಿನಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಸಿಟ್ಟು ಮಾಡಿಕೊಂಡು ನಾಲ್ಕು ದಿನ ಬರದಿದ್ದರೆ ನಾವೇ ಮನೆಗೆ ಹೋಗಿ ಕರೆಯುತ್ತೇವೆ. ಅಲ್ಲಿ ಕಾರಣ ಹೇಳದೆ ಸತತ ಏಳು ದಿನಕ್ಕಿಂತ ಹೆಚ್ಚು ಹೋಗದಿದ್ದರೆ ನೋಟಿಸ್ ಇಲ್ಲದೆ ತೆಗೆಯಬಹುದು. ಓಡಿಹೋದ ಅಂತ ದೂರು ಬಿದ್ದರೆ ವೀಸಾ ಕಥೆ ಮುಗಿಯಿತು. ಕೆಲಸಕ್ಕೆ ಹೋಗುತ್ತಲೇ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಿ. 80084ಕ್ಕೆ ಫೋನ್ ಮಾಡಬಹುದು, ಅವರ ಆ್ಯಪ್‌ನಲ್ಲೂ ಆಗುತ್ತದೆ. 50,000 ದಿರ್ಹಮ್‌ವರೆಗಿನ ವಿಷಯವನ್ನು ಸಚಿವಾಲಯವೇ ತೀರ್ಮಾನಿಸಬಹುದು. ಕೋರ್ಟಿಗೆ ಹೋದರೂ ಒಂದು ಲಕ್ಷ ದಿರ್ಹಮ್‌ವರೆಗೆ ಕೆಲಸಗಾರನಿಗೆ ಫೀಸು ಇಲ್ಲ. ಕೆಲಸ ಮುಗಿದ ಎರಡು ವರ್ಷದೊಳಗೆ ಕೇಳಬೇಕು.

ಕೆಲಸ ಹೋದವರಿಗೆ ಇನ್ಶೂರೆನ್ಸ್ ಒಂದಿದೆ. 2023ರಿಂದ ಕಡ್ಡಾಯ. ಬೇಸಿಕ್ 16,000ದವರೆಗೆ ಇರುವವರಿಗೆ ತಿಂಗಳಿಗೆ 5 ದಿರ್ಹಮ್. ಹನ್ನೆರಡು ತಿಂಗಳು ಬಿಡದೆ ಕಟ್ಟಿರಬೇಕು, ಕೆಲಸ ಅವರೇ ತೆಗೆದಿರಬೇಕು. ಆಗ ಬೇಸಿಕ್‌ನ ಶೇಕಡ 60ರಷ್ಟು ಮೂರು ತಿಂಗಳವರೆಗೆ ಸಿಗುತ್ತದೆ. ಐದು ದಿರ್ಹಮ್‌ಗೆ ಒಂದು ಸ್ಯಾಂಡ್‌ವಿಚ್ ಬರುತ್ತದೆ. ಕಟ್ಟಿಬಿಡಿ.

ಈಗ ಸಾಲ. ಇದನ್ನು ಸ್ವಲ್ಪ ನಿಧಾನ ಓದಿ.

ಅಲ್ಲಿಯ ಬ್ಯಾಂಕು ಸಂಬಳದ ಇಪ್ಪತ್ತು ಪಟ್ಟಿನವರೆಗೆ ಪರ್ಸನಲ್ ಲೋನ್ ಕೊಡಬಹುದು. 48 ತಿಂಗಳಲ್ಲಿ ತೀರಬೇಕು, ಎಲ್ಲ ಕಂತು ಸೇರಿ ಸಂಬಳದ ಅರ್ಧ ದಾಟಬಾರದು. ಇದು ಸೆಂಟ್ರಲ್ ಬ್ಯಾಂಕಿನ ಮಿತಿ. ಇಪ್ಪತ್ತು ಪಟ್ಟು ಅಂದರೆ 4,000 ಸಂಬಳದವನ ಕೈಗೆ ಒಂದೇ ಸಲ 80,000 ದಿರ್ಹಮ್. ಊರಿನಲ್ಲಿ ಮನೆ ಎದ್ದು ನಿಲ್ಲುತ್ತದೆ, ತಂಗಿಯ ಮದುವೆ ಆಗುತ್ತದೆ, ತೋಟಕ್ಕೆ ಸ್ಪ್ರಿಂಕ್ಲರ್ ಬರುತ್ತದೆ. ಎರಡನೇ ವರ್ಷ ಕೆಲಸ ಹೋಗುತ್ತದೆ. ಸಂಬಳ ಬೀಳುವ ಖಾತೆ ಅದೇ ಬ್ಯಾಂಕಿನಲ್ಲಿ ಇರುವುದರಿಂದ ಕೊನೆಯ ಲೆಕ್ಕದ ದುಡ್ಡು ಬಂದ ದಿನವೇ ಬ್ಯಾಂಕು ಹಿಡಿದುಕೊಳ್ಳುತ್ತದೆ. ಗ್ರಾಚ್ಯುಟಿ ನಂಬಿ ಟಿಕೆಟ್ ಬುಕ್ ಮಾಡಿದವರು ವಿಮಾನ ನಿಲ್ದಾಣದಿಂದ ನನಗೆ ಫೋನ್ ಮಾಡಿದ್ದಿದೆ.

ಚೆಕ್ ಬೌನ್ಸ್ ಆದರೆ ಜೈಲು ಅಂತ ಎಲ್ಲರಿಗೂ ಭಯ. 2022ರ ಜನವರಿಯಿಂದ ಅದು ಸಡಿಲಾಗಿದೆ. ಖಾತೆಯಲ್ಲಿ ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಈಗ ಕ್ರಿಮಿನಲ್ ಕೇಸು ಇಲ್ಲ. ಖೋಟಾ ಸಹಿ, ಬೇಕೆಂದೇ ಖಾತೆ ಮುಚ್ಚಿದ್ದು, ಅಂಥ ಮೋಸ ಇದ್ದರೆ ಬೇರೆ ಮಾತು. ಆದರೆ ಸಡಿಲ ಅಂತ ಸಲೀಸು ಅಂದುಕೊಳ್ಳಬೇಡಿ. ಬೌನ್ಸ್ ಆದ ಚೆಕ್ಕೇ ಈಗ ಕೋರ್ಟಿನ ಆದೇಶದಂತೆ. ಅದನ್ನು ಹಿಡಿದು ನೇರ ವಸೂಲಿ ಕೋರ್ಟಿಗೆ ಹೋಗಬಹುದು. 10,000 ದಿರ್ಹಮ್‌ಗಿಂತ ಕಡಿಮೆ ಇಲ್ಲದ ಸಾಲಕ್ಕೆ ದೇಶ ಬಿಡದಂತೆ ತಡೆ ಕೇಳಲೂಬಹುದು. ನಮ್ಮಲ್ಲಿ ಸೊಸೈಟಿ ಸಾಲಕ್ಕೆ ಮುಲಾಜಿಗೆ ಜಾಮೀನು ಹಾಕುತ್ತೇವಲ್ಲ, ಹಾಗೆ ಅಲ್ಲಿ ರೂಮ್‌ಮೇಟಿಗೆ ಖಾಲಿ ಚೆಕ್ ಕೊಡುವವರಿದ್ದಾರೆ. ಕೊಡಬೇಡಿ. ಮುಲಾಜಿಲ್ಲದವನು ಅಂದುಕೊಂಡರೆ ಅಂದುಕೊಳ್ಳಲಿ.

‘ಊರಿಗೆ ಬಂದುಬಿಟ್ಟರೆ ಮುಗಿಯಿತಲ್ಲ, ಅವರೇನು ತೀರ್ಥಹಳ್ಳಿಗೆ ಬರುತ್ತಾರಾ?’ ಇದನ್ನು ಕೇಳದವರಿಲ್ಲ. ಮೊದಲು ಆ ಮಾತಿಗೆ ಒಂದು ಅರ್ಥ ಇತ್ತು. 2020ರ ಜನವರಿ 17ರಂದು ಭಾರತ ಸರ್ಕಾರ ಯುಎಇಯನ್ನು ಸಿವಿಲ್ ಪ್ರೊಸೀಜರ್ ಕೋಡ್‌ನ 44ಎ ಕಲಂ ಅಡಿ ಪಟ್ಟಿಗೆ ಸೇರಿಸಿತು. ಅಂದರೆ ದುಬೈ ಕೋರ್ಟಿನ ಸಿವಿಲ್ ಡಿಕ್ರಿಯ (ತೀರ್ಪಿನ ಆದೇಶದ) ಪ್ರಮಾಣಿತ ಪ್ರತಿ ತಂದು ಶಿವಮೊಗ್ಗದ ಜಿಲ್ಲಾ ನ್ಯಾಯಾಲಯದಲ್ಲಿ ಹಾಕಿದರೆ, ಆ ಡಿಕ್ರಿ ಇಲ್ಲೇ ಆದಂತೆ ಜಾರಿ ಆಗಬಹುದು. ಅವನ ಹೆಸರಿನ ಆಸ್ತಿ, ತೋಟದಲ್ಲಿ ಅವನಿಗೆ ಬಂದ ಪಾಲು, ಎಲ್ಲಕ್ಕೂ ಕುತ್ತು. ಸಣ್ಣ ಮೊತ್ತಕ್ಕೆ ಬ್ಯಾಂಕು ಇಷ್ಟು ದೂರ ಬರುತ್ತದೋ ಇಲ್ಲವೋ, ಆ ಜೂಜು ನಿಮಗೆ ಬಿಟ್ಟಿದ್ದು. ನೋಟಿಸ್ ಬಂದರೆ ಮಾತ್ರ ಜಂತಿಗೆ ಸಿಕ್ಕಿಸಿ ಮರೆಯಬೇಡಿ. ಅಲ್ಲಿಯ ಕೋರ್ಟು ನಿಮಗೆ ಸರಿಯಾಗಿ ತಿಳಿಸದೆ, ವಿಚಾರಣೆಯ ಸತ್ವ ನೋಡದೆ ತೀರ್ಪು ಕೊಟ್ಟಿದ್ದರೆ ಅದೇ ಕೋಡ್‌ನ 13ನೇ ಕಲಂ ಹಿಡಿದು ಇಲ್ಲಿ ತಕರಾರು ಹಾಕಬಹುದು. ಸುಮ್ನೆ ಕೂತವನಿಗೆ ಆ ಅವಕಾಶವೂ ಹೋಗುತ್ತದೆ.

ಕೆಲಸ ಹೋಯಿತು ಅಂತ ಗೊತ್ತಾದ ದಿನವೇ ಬ್ಯಾಂಕಿಗೆ ಹೋಗಿ ಕಂತು ಮುಂದೂಡಲು ಕೇಳಿ, ಬರವಣಿಗೆಯಲ್ಲಿ. ಸಾಲ ತೀರಿದರೆ ‘ನೋ ಲಯಬಿಲಿಟಿ’ ಪತ್ರ ತೆಗೆದುಕೊಳ್ಳಿ, ಭದ್ರತೆಗೆ ಕೊಟ್ಟ ಚೆಕ್ ವಾಪಸ್ ಕೇಳಿ. ಕ್ರೆಡಿಟ್ ಕಾರ್ಡ್ ಕತ್ತರಿಸಿ ಬಿಸಾಡಿದರೆ ಖಾತೆ ಮುಚ್ಚಿದ ಹಾಗಲ್ಲ.

ಆಸ್ತಿಯ ವಿಷಯದಲ್ಲಿ ದುಬೈ ಕಡೆಯದು ಬೇಗ ಮುಗಿಯುತ್ತದೆ. ಬಾಡಿಗೆ ಮನೆಯ ಕರಾರು ಇಜಾರಿ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಣಿ ಆಗಿರಬೇಕು. ತಾನೇ ಇರಬೇಕು, ಮಾರಬೇಕು ಅಂತ ಮಾಲೀಕ ಬಿಡಿಸಲು ಬಂದರೆ ಹನ್ನೆರಡು ತಿಂಗಳ ನೋಟಿಸ್ ಕೊಡಬೇಕು, ಅದೂ ನೋಟರಿ ಇಲ್ಲವೇ ರಿಜಿಸ್ಟರ್ಡ್ ಅಂಚೆ ಮೂಲಕ. ವಾಟ್ಸ್‌ಆ್ಯಪ್ ಮೆಸೇಜು ಸಾಲದು. ಫ್ಲ್ಯಾಟ್ ಕೊಳ್ಳುವವರು 2006ರ 7ನೇ ಕಾನೂನಿನ ಪ್ರಕಾರ ಫ್ರೀಹೋಲ್ಡ್, ಅಂದರೆ ಹೊರದೇಶದವರೂ ಪೂರ್ತಿ ಮಾಲೀಕರಾಗಬಹುದಾದ ಪ್ರದೇಶದಲ್ಲಿ ಕೊಳ್ಳಬಹುದು, ವರ್ಗಾವಣೆ ಶುಲ್ಕ ಶೇಕಡ 4.

ಊರಿನ ಕಡೆಯದೇ ತೊಡಕು. ದುಬೈನಲ್ಲಿ ದುಡಿಯುವವನ ಕನಸು ಫ್ಲ್ಯಾಟ್ ಅಲ್ಲ, ಎರಡು ಎಕರೆ ತೋಟ. ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ಎಲ್ಲರೂ ಕೇಳಿದ್ದಾರೆ. ಆದರೆ ಎನ್‌ಆರ್‌ಐಗೆ, ಅಂದರೆ ಹೊರದೇಶದಲ್ಲಿ ನೆಲೆಸಿದ ಭಾರತೀಯನಿಗೆ, ಅಡ್ಡ ಬರುವುದು ಆ ಕಾನೂನಲ್ಲ, ಫೆಮಾ ಎಂಬ ಕೇಂದ್ರದ ವಿದೇಶಿ ವಿನಿಮಯ ಕಾನೂನು. ಅದರ ಪ್ರಕಾರ ಎನ್‌ಆರ್‌ಐ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪ ದಾನಪತ್ರ ಮಾಡಿಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ವಾರಸಾಗಿ ಬಂದರೆ ಮಾತ್ರ ಸರಿ. ಹಾಗಾಗಿ ತೋಟವನ್ನು ಮಗನಿಗೇ ಬಿಡಬೇಕು ಅನ್ನುವ ಅಪ್ಪ ದಾನಪತ್ರ ಬಿಟ್ಟು ಉಯಿಲು ಬರೆಯಲಿ. ಪೇಟೆಯಲ್ಲಿ ಸೈಟು, ಮನೆ ಕೊಳ್ಳಲು ಅಡ್ಡಿಯಿಲ್ಲ. ತೋಟವೇ ಬೇಕು ಅಂದರೆ ವಾಪಸ್ ಬಂದು ನೆಲೆಸಿದ ಮೇಲೆ ಕೊಳ್ಳಿ. ನಾನು ಹಾಗೇ ಮಾಡಿದ್ದು.

ಇಲ್ಲಿಯ ಕೆಲಸಕ್ಕೆ ಅಣ್ಣನಿಗೋ ಭಾವನಿಗೋ ಅಧಿಕಾರ ಪತ್ರ ಕಳಿಸುವಾಗ ದುಬೈ ಕಾನ್ಸುಲೇಟಿನಲ್ಲಿ ಸಹಿ ದೃಢೀಕರಿಸಿ. ಪತ್ರ ಭಾರತಕ್ಕೆ ಮುಟ್ಟಿದ ಮೂರು ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು. ಎಷ್ಟೋ ಮನೆಯಲ್ಲಿ ಅದು ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ‘ಮಾರುವ ಅಧಿಕಾರವೂ ಇದೆ’ ಎಂಬ ಒಂದು ಸಾಲು ಸುಮ್ನೆ ಸೇರಿರುತ್ತದೆ, ಅದನ್ನು ಹೊಡೆಸಿಯೇ ಸಹಿ ಹಾಕಿ. ಅಣ್ಣ ಒಳ್ಳೆಯವನೇ ಇರಬಹುದು.

ಸಾವಿನ ವಿಷಯ ಯಾರೂ ಕೇಳುವುದಿಲ್ಲ. ಆದ ಮೇಲೆ ಕೇಳುತ್ತಾರೆ. ಖಾತೆದಾರ ತೀರಿಕೊಂಡ ಅಂತ ತಿಳಿದ ಕೂಡಲೇ ಬ್ಯಾಂಕು ಖಾತೆ ತಡೆಹಿಡಿಯುತ್ತದೆ, ಸಾಮಾನ್ಯವಾಗಿ ಜಂಟಿ ಖಾತೆಯನ್ನೂ. ಎಟಿಎಂ ಪಿನ್ ಹೆಂಡತಿಗೆ ಗೊತ್ತಿದೆ ಅನ್ನುವುದು ವ್ಯವಸ್ಥೆ ಅಲ್ಲ.

ಮುಸ್ಲಿಮೇತರರಿಗೆ 2023ರ ಫೆಬ್ರವರಿ 1ರಿಂದ ಅಲ್ಲಿ ಬೇರೆ ಕಾನೂನು ಬಂದಿದೆ. ಉಯಿಲು ಇಲ್ಲದಿದ್ದರೆ ಅರ್ಧ ಗಂಡ ಅಥವಾ ಹೆಂಡತಿಗೆ, ಉಳಿದರ್ಧ ಮಕ್ಕಳಿಗೆ ಸಮನಾಗಿ, ಹೆಣ್ಣು ಗಂಡು ಭೇದವಿಲ್ಲ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಮನೆಗಳ ಲೆಕ್ಕ ಹಾಕಿ ನೋಡಿ. ಒಬ್ಬ ಅಲ್ಲಿ ಒಂದು ಲಕ್ಷ ದಿರ್ಹಮ್ ಬಿಟ್ಟು ಹೋದ. ಊರಿನಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಅಲ್ಲಿಯ ಕಾನೂನಿನಲ್ಲಿ ಹೆಂಡತಿಗೆ 50,000, ಮಕ್ಕಳಿಗೆ 25,000ದಂತೆ. ತಾಯಿಗೆ ಏನೂ ಇಲ್ಲ. ನಮ್ಮ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿ ಮೊದಲ ದರ್ಜೆಯ ವಾರಸುದಾರಳು. ನಾಲ್ವರಿಗೂ 25,000. ಮಗ ತಿಂಗಳು ತಿಂಗಳು ಕಳಿಸುತ್ತಿದ್ದ ದುಡ್ಡಿನಲ್ಲೇ ಔಷಧಿ ತರುತ್ತಿದ್ದ ಅಮ್ಮ ಅಲ್ಲಿಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅಲ್ಲಿ ನೋಂದಾಯಿಸಿದ ಉಯಿಲು ಇಲ್ಲದಿದ್ದರೆ ವಾರಸುದಾರರಲ್ಲಿ ಯಾರಾದರೂ ತಾಯ್ನಾಡಿನ ಕಾನೂನು ಅನ್ವಯಿಸಿ ಎಂದು ಕೇಳಬಹುದು. ಕೇಳಿದರೆ ಅತ್ತೆ ಸೊಸೆ ಎದುರುಬದುರು ನಿಂತ ಹಾಗೆ. ಅದಕ್ಕೇ ಉಯಿಲು ಬರೆಯಿರಿ ಅನ್ನುವುದು. ಅಬುಧಾಬಿ ನ್ಯಾಯಾಂಗ ಇಲಾಖೆ, ದುಬೈ ಕೋರ್ಟು, ಡಿಐಎಫ್‌ಸಿ, ಎಲ್ಲ ಕಡೆ ನೋಂದಣಿ ಇದೆ. ಶಿವಮೊಗ್ಗ, ಶಿರಾಳಕೊಪ್ಪದ ಮುಸ್ಲಿಂ ಗೆಳೆಯರಿಗೆ ಅಲ್ಲಿ ಷರಿಯತ್ತಿನ ಪಾಲೇ, ಉಯಿಲು ಮೂರನೇ ಒಂದು ಭಾಗಕ್ಕೆ ಮಾತ್ರ. ಊರಿನ ಜಮೀನಿಗೆ ಮಾತ್ರ ಎಲ್ಲಿ ಸತ್ತರೂ ಇಲ್ಲಿಯ ಕಾನೂನು.

ಮನೆಯವರು ಇಲ್ಲಿಂದ ಕಳಿಸುವ ವಾರಸು ಪತ್ರಕ್ಕೆ ರಾಜ್ಯ ಸರ್ಕಾರ, ದೆಹಲಿಯ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಸಚಿವಾಲಯ, ಹೀಗೆ ಸಾಲು ಮೊಹರು ಬೀಳಬೇಕು. ಆಮೇಲೆ ಅರಬ್ಬಿ ಅನುವಾದ. ಎಲ್ಲ ಮೊಹರು ಬಿದ್ದ ಕಾಗದ ಕೊನೆಯಲ್ಲಿ ಹೆಸರಿಗೆ ಸಿಕ್ಕಿ ನಿಲ್ಲುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೂ ಸೇರಿರುತ್ತದೆ, ಆಧಾರಿನಲ್ಲಿ ಬರೀ ಅಕ್ಷರ, ಪಹಣಿಯಲ್ಲಿ ಅಪ್ಪನ ಹೆಸರು. ಮೂವರೂ ಒಬ್ಬನೇ ಅಂತ ಅಲ್ಲಿಯ ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು? ಬದುಕಿರುವಾಗಲೇ ಸರಿ ಮಾಡಿಸಿಡಿ.

ಒಮ್ಮೆ ಸಾಗರದ ಕಡೆಯವರೊಬ್ಬರ ಪಹಣಿ ಹಿಡಿದು ಶಾರ್ಜಾದ ಅನುವಾದಕರ ಹತ್ತಿರ ಹೋಗಿದ್ದೆ. ನಾನು ಓದಿ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಮಗನ ಹೆಸರು, ಆಮೇಲೆ ‘ಬಿನ್’, ಆಮೇಲೆ ಅಪ್ಪನ ಹೆಸರು. ಅವರು ಪೆನ್ನು ಕೆಳಗಿಟ್ಟು, ಬಿನ್ ನಮ್ಮದಲ್ಲವೇ, ನಿಮ್ಮ ಗುಡ್ಡಕ್ಕೆ ಹೇಗೆ ಬಂತು ಎಂದು ನಕ್ಕರು. ಮುಂದಿನ ಸಾಲಿನಲ್ಲಿ ಹೆಂಡತಿಯ ಹೆಸರು, ‘ಕೋಂ’, ಗಂಡನ ಹೆಸರು. ಇದೇನು ಎಂದರು. ಇಂಥವರ ಹೆಂಡತಿ ಅಂತ ಅರ್ಥ ಎಂದೆ. ಆ ಒಂದು ಪದಕ್ಕೆ ಕಾಗದ ಇನ್ನೂ ಒಂದು ವಾರ ಅಲ್ಲೇ ಉಳಿಯಿತು.