ನಮ್ಮ ಕಡೆ ಥಂಡಾ ಕೇಳೋದು ಹೇಗೆ

ಬೆಂಗಳೂರು, ಮೈಸೂರು ಕಡೆಯಿಂದ ವಿಜಯಪುರಕ್ಕೋ ಬಾಗಲಕೋಟೆಗೋ ವರ್ಗವಾಗಿ ಬರುವವರು ಇಲ್ಲಿಯ ಖಾರದ ಬಗ್ಗೆ, ಬಿಸಿಲಿನ ಬಗ್ಗೆ, ಭಾಷೆಯ ಬಗ್ಗೆ ನೂರು ಮಂದಿಯನ್ನು ಕೇಳಿಕೊಂಡು ಬರುತ್ತಾರೆ. ಬಾಯಾರಿದಾಗ ಅಂಗಡಿಯಲ್ಲಿ ಏನಂತ ಕೇಳಬೇಕು ಅನ್ನೋದನ್ನು ಯಾರೂ ಕೇಳಿರಲ್ಲ. "ಕೂಲ್ ಡ್ರಿಂಕ್ಸ್ ಕೊಡಿ" ಅಂದರೆ ಇಲ್ಲಿ ತಿಳಿಯಲ್ಲ ಅಂತಲ್ಲ, ತಿಳಿಯುತ್ತೆ. ಆದರೆ ಅಂಗಡಿಯವರು ತಿರುಗಿ "ಯಾವ್ದ್ರೀ?" ಅನ್ನುತ್ತಾರೆ. ಆ "ಯಾವ್ದ್ರೀ"ಗೆ ಉತ್ತರ ಹೇಗೆ ಕೊಡಬೇಕು ಅಂತ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಥಂಡಾ. ಇದು ಹೆಚ್ಚಾಗಿ ಮನೆಯ ಮಾತು, ಆಫೀಸಿನ ಮಾತು. ಯಾರ ಮನೆಗಾದರೂ ಹೋಗಿ ಕೂತರೆ ನೀರು ಕೊಟ್ಟ ಮೇಲೆ ಬರುವ ಪ್ರಶ್ನೆ "ಚಾ ತಗೋತೀರೋ, ಥಂಡಾ ತಗೋತೀರೋ?" ಈ ಥಂಡಾ ಅಂದರೆ ಲಿಂಬು ಶರಬತ್ತು ಇರಬಹುದು, ರಸ್ನಾ ಇರಬಹುದು, ಮಜ್ಜಿಗೆ ಇರಬಹುದು, ಹುಡುಗನನ್ನು ಓಡಿಸಿ ಓಣಿಯ ತುದಿಯ ಅಂಗಡಿಯಿಂದ ತರಿಸಿದ ಬಾಟ್ಲಿಯೂ ಇರಬಹುದು. ಯಾವುದು ಅಂತ ಕೇಳಬೇಡಿ. ಕೇಳಿದರೆ ಮನೆಯಲ್ಲಿ ಇಲ್ಲದ್ದನ್ನು ತರಿಸುತ್ತಾರೆ, ನೀವು ಇನ್ನೂ ಅರ್ಧ ಗಂಟೆ ಕೂರಬೇಕಾಗುತ್ತೆ. ಏನೂ ಬೇಡ ಅಂತಿದ್ದರೆ "ಈಗಷ್ಟೇ ಆತ್ರೀ" ಅನ್ನಿ. ಒಂದು ಸಲ ಅಂದರೆ ಯಾರೂ ನಂಬಲ್ಲ, ಮೂರು ಸಲ ಅನ್ನಬೇಕು. ಆಮೇಲೂ ಅರ್ಧ ಗ್ಲಾಸು ಬರುತ್ತೆ, ಸುಮ್ನೆ ಕುಡಿಯಿರಿ.

ಥಂಡಾ ಬೇರೆ, ಥಂಡಿ ಬೇರೆ. "ನನಗ ಥಂಡಿ ಆಗೈತ್ರೀ" ಅಂದರೆ ನೆಗಡಿ ಆಗಿದೆ ಅಂತ. ಹಾಗಂದವರಿಗೆ ಬಾಟ್ಲಿ ಬರಲ್ಲ, ಶುಂಠಿ ಹಾಕಿದ ಚಾ ಬರುತ್ತೆ.

ಅಂಗಡಿಯಲ್ಲಿ ಬರೀ "ಥಂಡಾ ಕೊಡ್ರಿ" ಅಂದರೆ ಕೆಲಸ ಅರ್ಧ ಮಾತ್ರ ಆಗುತ್ತೆ. ಕೋಕಾ-ಕೋಲಾದವರು 2000ದ ದಶಕದ ಶುರುವಿನಲ್ಲಿ ಅಮೀರ್ ಖಾನ್ ಕೈಲಿ "ಥಂಡಾ ಮತಲಬ್ ಕೋಕಾ-ಕೋಲಾ" ಅಂತ ಹೇಳಿಸಿ ಆ ಮಾತನ್ನೇ ತಮ್ಮದು ಮಾಡಿಕೊಳ್ಳಲು ನೋಡಿದ್ದರು. ಜಾಹೀರಾತು ಜೋರಾಗೇ ಓಡಿತು. ನಮ್ಮ ಕಡೆ ಮಾತ್ರ ಥಂಡಾ ಇನ್ನೂ ಯಾರಿಗೂ ಸೇರಿಲ್ಲ.

ಸ್ವಲ್ಪ ನಕಾಶೆ ನೋಡೋಣ. ಬೆಂಗಳೂರಿನಲ್ಲಿ, ಆಂಧ್ರ ತೆಲಂಗಾಣದಲ್ಲಿ, ತಮಿಳುನಾಡಿನಲ್ಲಿ ಇದು "ಕೂಲ್ ಡ್ರಿಂಕ್ಸ್". ಒಂದೇ ಬಾಟ್ಲಿ ಇದ್ದರೂ ಡ್ರಿಂಕ್ಸ್ ಅನ್ನೋದೇ. ಮುಂಬೈ, ಪುಣೆಯಿಂದ ಮೇಲಕ್ಕೆ ಹೋದರೆ "ಕೋಲ್ಡ್ ಡ್ರಿಂಕ್". ಬೆಳಗಾವಿಯವರ ಕಿವಿ ಪುಣೆ ಕಡೆಗೆ ಜಾಸ್ತಿ, ಹಾಗಾಗಿ ಅಲ್ಲಿ ಕೋಲ್ಡ್ ಡ್ರಿಂಕ್ ಕೇಳಿಸುತ್ತೆ. ಬಾಗಲಕೋಟೆ, ವಿಜಯಪುರದಲ್ಲಿ ಎರಡೂ ನಡೆಯುತ್ತೆ. ತಮಿಳುನಾಡಿನಲ್ಲಿ ಹಳಬರು "ಕಲರ್" ಅನ್ನುತ್ತಾರೆ. ಅದು ನಮಗೆ ಹೊಸದೇನಲ್ಲ. ನಮ್ಮ ಹಳ್ಳಿಗಳಲ್ಲೂ ಹೆಸರು ನೆನಪಾಗದಿದ್ದರೆ "ಆ ಕರೀದು ಕೊಡು, ಬಿಳೀದು ಕೊಡು" ಅಂತ ಬಣ್ಣ ನೋಡಿಯೇ ಕೇಳುತ್ತಾರೆ. ನೀವೂ ಕೇಳಿ, ನಾಚಿಕೆ ಏನಿಲ್ಲ. ಕರೀದು ಅಂದರೆ ಥಮ್ಸಪ್ ಜಾತಿಯದ್ದು, ಬಿಳೀದು ಅಂದರೆ ಸ್ಪ್ರೈಟ್ ಜಾತಿಯದ್ದು. "ತಂಪು ಪಾನೀಯ" ಅನ್ನೋದು ಬೋರ್ಡಿನ ಮೇಲೆ, ಪೇಪರಿನಲ್ಲಿ ಇರುತ್ತೆ. ಬಾಯಿಬಿಟ್ಟು ಹಾಗೆ ಕೇಳಿದವರನ್ನು ನಾನಂತೂ ನೋಡಿಲ್ಲ.

ಇನ್ನು ಕಂಪನಿ ಹೆಸರುಗಳು. ನಮ್ಮ ಕಡೆ "ಥಮ್ಸಪ್ ಕುಡಿಯೂಣು ಬಾ" ಅಂದರೆ ಥಮ್ಸಪ್ಪೇ ಕುಡಿಸುತ್ತಾರೆ ಅಂತ ಖಾತ್ರಿ ಇಲ್ಲ. ಅದು ಗ್ಯಾಸ್ ತುಂಬಿದ ಎಲ್ಲದಕ್ಕೂ ಸಲ್ಲುವ ಹೆಸರು. ಕೋಕಾ-ಕೋಲಾ 1977ರಲ್ಲಿ ದೇಶ ಬಿಟ್ಟು ಹೋಯಿತು, ಅದೇ ವರ್ಷ ಪಾರ್ಲೆಯವರ ಥಮ್ಸಪ್ ಬಂತು. ಕೋಕ್ ತಿರುಗಿ ಬಂದಿದ್ದು 1993ರಲ್ಲಿ. ಆ ನಡುವೆ ಬೆಳೆದ ಮಂದಿಗೆ ಕರೀ ಬಾಟ್ಲಿ ಅಂದರೆ ಥಮ್ಸಪ್ ಅಂತಲೇ ರೂಢಿ ಆಯಿತು. ಬಂದ ಕೋಕ್‌ನವರು ಥಮ್ಸಪ್ಪನ್ನೇ ಕೊಂಡುಕೊಂಡರು, ಆದರೂ ಅದನ್ನು ಮುಚ್ಚಿಹಾಕೋಕೆ ಆಗಲಿಲ್ಲ ನೋಡಿ. ಅಮೆರಿಕಾದ ದಕ್ಷಿಣದ ರಾಜ್ಯಗಳಲ್ಲೂ ಇದೇ ಕಥೆ. ಕೋಕಾ-ಕೋಲಾ 1886ರಲ್ಲಿ ಹುಟ್ಟಿದ ಅಟ್ಲಾಂಟಾ ಆ ಕಡೆಯದ್ದೇ, ಅಲ್ಲಿ ಎಷ್ಟೋ ಜನ ಎಲ್ಲಾ ಬಾಟ್ಲಿಗೂ "ಕೋಕ್" ಅನ್ನುತ್ತಾರೆ. "ಕೋಕ್ ಬೇಕಾ?" "ಹೂಂ." "ಯಾವುದು?" ಅಂತ ಮಾತು ನಡೆಯುತ್ತದಂತೆ. ನಮ್ಮ "ಯಾವ್ದ್ರೀ"ನೇ ಅಲ್ವಾ?

ನಿಮಗೆ ಖರೇನೇ ಥಮ್ಸಪ್ ಬೇಕಿದ್ದರೆ, ಫ್ರಿಜ್ ಕಡೆ ಕೈ ತೋರಿಸಿ "ಅದ ಥಮ್ಸಪ್ ಕೊಡ್ರಿ" ಅನ್ನಿ.

ಪೆಪ್ಸಿ ಕೇಳುವಾಗ ಇನ್ನೂ ಹುಷಾರು. ಹಳ್ಳಿಯ ಸಣ್ಣ ಕಿರಾಣಿ ಅಂಗಡಿಯಲ್ಲಿ, ಅದರಲ್ಲೂ ಶಾಲೆ ಹತ್ತಿರದ ಅಂಗಡಿಯಲ್ಲಿ ಪೆಪ್ಸಿ ಅಂದರೆ ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಬಣ್ಣದ ಸಿಹಿ ನೀರು ಹಾಕಿ ಬರ್ಫ, ಅಂದರೆ ಐಸು ಮಾಡಿದ್ದು. ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಚೀಪೋದು. ಮಹಾರಾಷ್ಟ್ರದಲ್ಲೂ ಮಕ್ಕಳು ಇದಕ್ಕೆ ಪೆಪ್ಸಿ ಅಂತಲೇ ಅನ್ನುತ್ತಾರೆ. ಪೆಪ್ಸಿ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ. ಬಿಸ್ಲೇರಿ ಕೂಡ ಹಾಗೇ. "ಒಂದು ಬಿಸ್ಲೇರಿ ಕೊಡ್ರಿ" ಅಂದರೆ ಯಾವ ಕಂಪನಿಯ ನೀರಾದರೂ ಬರಬಹುದು, ಮುಚ್ಚಳದ ಸೀಲ್ ನೋಡಿಕೊಂಡು ತಗೊಳ್ಳಿ.

ಈಗ ಸೋಡಾ. ಹೊರಗಿನವರು ಜಾಸ್ತಿ ಎಡವೋದು ಇಲ್ಲೇ. ಇಲ್ಲಿ ಬರೀ ಸೋಡಾ ಅಂದರೆ ಸಿಹಿ ಇಲ್ಲದ, ಗ್ಯಾಸ್ ತುಂಬಿದ ನೀರು. ಸಂಜೆ ಏಳರ ಮೇಲೆ "ಎರಡು ಸೋಡಾ ಕೊಡ್ರಿ" ಅಂದರೆ ಅಂಗಡಿಯವರು ಜೊತೆಗೆ ಶೇಂಗಾ ಪ್ಯಾಕೆಟ್ಟೂ ಮುಂದಿಡುತ್ತಾರೆ, ನೀವು ಯಾವ ಕಡೆ ಹೊರಟಿದ್ದೀರಿ ಅಂತ ಅವರೇ ತೀರ್ಮಾನ ಮಾಡಿರುತ್ತಾರೆ. ಅಮೆರಿಕಾದಲ್ಲಿ ಇದು ಪೂರ್ತಿ ತಿರುವುಮುರುವು. ನ್ಯೂಯಾರ್ಕ್ ಕಡೆ, ಕ್ಯಾಲಿಫೋರ್ನಿಯಾ ಕಡೆ ಸೋಡಾ ಅಂದರೆ ಸಿಹಿ ಕೋಲಾ. ಶಿಕಾಗೋ, ಡೆಟ್ರಾಯಿಟ್ ಕಡೆ ಅದಕ್ಕೇ "ಪಾಪ್" ಅನ್ನುತ್ತಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹಳಬರಿಗೆ ಅದು "ಜಿಂಜರ್", ಶುಂಠಿ ಇರಲಿ ಬಿಡಲಿ. ಮಗ ಸೊಸೆ ಅಮೆರಿಕಾದಲ್ಲಿದ್ದಾರೆ ಅಂತ ವಿಮಾನ ಹತ್ತುವ ಕಾಕಾ ಕಾಕೂಗಳಿಗೆ ಹೇಳಿಕಳಿಸಿ, ಅಲ್ಲಿ ಸಪ್ಪೆ ಸೋಡಾ ಬೇಕಿದ್ದರೆ "ಕ್ಲಬ್ ಸೋಡಾ" ಅಂತ ಪೂರ್ತಿ ಹೇಳಬೇಕು.

ನಮ್ಮ ಸೋಡಾದಲ್ಲಿ ರಾಜ ಅಂದರೆ ಗೋಲಿ ಸೋಡಾ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಅಡ್ಡಾಡಿ ಗಂಟಲು ಒಣಗಿದಾಗ ಇದರ ಮುಂದೆ ಬೇರೆ ಯಾವುದೂ ನಿಲ್ಲಲ್ಲ. ಬಾಟ್ಲಿಯ ಉಪಾಯ ಹಿರಮ್ ಕಾಡ್ ಅನ್ನುವ ಇಂಗ್ಲಿಷ್ ಎಂಜಿನಿಯರನದ್ದು, 1870ರ ದಶಕದ್ದು. ಬಾಟ್ಲಿಯನ್ನು ತಲೆಕೆಳಗು ಮಾಡಿ ತುಂಬುತ್ತಾರೆ, ಒಳಗಿನ ಗ್ಯಾಸು ಗೋಲಿಯನ್ನು ಬಾಯಿಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತೆ, ಮುಚ್ಚಳವೇ ಬೇಡ. ತೆಗೆಯೋದು ಹೀಗೆ: ಬಾಟ್ಲಿಯನ್ನು ಗಟ್ಟಿಯಾದ ಜಾಗದಲ್ಲಿ ನೆಟ್ಟಗೆ ಇಡಿ, ಗೋಲಿಯ ಮೇಲೆ ಕಟ್ಟಿಗೆಯ ಗುಬಟಿ ಇಟ್ಟು ಅಂಗೈಯಿಂದ ಒಮ್ಮೆಲೇ ಒತ್ತಿ. ಒತ್ತಿದ ಕೈಯನ್ನು ತಕ್ಷಣ ತೆಗೆಯಬೇಡಿ, ನೊರೆ ಇಳಿಯಲಿ. ಇಲ್ಲಾಂದ್ರೆ ಅರ್ಧ ಸೋಡಾ ಅಂಗಿ ಕುಡಿಯುತ್ತೆ. ಕುಡಿಯುವಾಗ ಇನ್ನೊಂದು ಗುಟ್ಟಿದೆ. ಬಾಟ್ಲಿಯ ಕುತ್ತಿಗೆಯಲ್ಲಿ ಒಂದು ಬದಿಗೆ ಎರಡು ಗುಳಿ ಒತ್ತಿರುತ್ತಾರೆ. ಆ ಬದಿ ಕೆಳಗೆ ಬರುವಂತೆ ಹಿಡಿದು ಬಾಗಿಸಿ, ಗೋಲಿ ಆ ಗುಳಿಗೆ ತಡೆದು ಅಲ್ಲೇ ಕೂರುತ್ತೆ, ಸೋಡಾ ಸರಾಗ ಬರುತ್ತೆ. ಉಲ್ಟಾ ಹಿಡಿದರೆ ಗೋಲಿ ಬಂದು ಬಾಯಿ ಮುಚ್ಚುತ್ತೆ, ನೀವು ಬಾಟ್ಲಿ ಅಲ್ಲಾಡಿಸುತ್ತಾ ನಿಲ್ಲಬೇಕು, ಸುತ್ತ ನಿಂತ ಹುಡುಗರಿಗೆ ಪುಕ್ಕಟೆ ಮಜಾ.

ಲಿಂಬು ಸೋಡಾ ಬೇಕಿದ್ದರೆ ಸೋಡಾದ ಜೊತೆ ಲಿಂಬು ಅನ್ನೋದನ್ನು ಸೇರಿಸಿ ಕೇಳಿ. ಇಲ್ಲಿ ನಿಂಬೆ ಅಂದರೂ ನಡೆಯುತ್ತೆ, ಆದರೆ ಲಿಂಬಿ, ಲಿಂಬು ಅನ್ನೋದೇ ಜಾಸ್ತಿ. ವಿಜಯಪುರ ಜಿಲ್ಲೆಯ ಇಂಡಿ ಅಂತೂ ಲಿಂಬಿಯ ಊರೇ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರೋದೂ ಅಲ್ಲೇ. ಹಾಗಾಗಿ ಈ ಜಿಲ್ಲೆಗೆ ಬಂದು ಬಾಟ್ಲಿಯ ಲಿಂಬು ಪಾನಕ ಕುಡಿಯೋದು ನನ್ನ ಪ್ರಕಾರ ಶುದ್ಧ ದಂಡ. ಗಾಡಿಯ ಮುಂದೆ ನಿಂತರೆ ಮಾತು ಹೀಗೆ ನಡೆಯುತ್ತೆ:

"ಏನ್ ಮಾಡ್ಲಿರೀ?"

"ಒಂದು ಲಿಂಬು ಸೋಡಾ ಮಾಡ್ರಿ ಕಾಕಾ."

"ಉಪ್ಪಿಂದೋ, ಸಕ್ರಿದೋ?"

"ಎರಡೂ ಹಾಕ್ರಿ. ಬರ್ಫ ಬ್ಯಾಡ."

ಇಷ್ಟೇ. ಗಾಡಿಯ ನೀರು ಎಲ್ಲಿಯದ್ದು ಅಂತ ಗೊತ್ತಿಲ್ಲದ ಕಡೆ "ಬರ್ಫ ಬ್ಯಾಡ" ಅನ್ನೋದನ್ನು ಮರೆಯಬೇಡಿ. ವಯಸ್ಸಾದವರಿಗೆ ಕಾಕಾ, ನಿಮ್ಮ ವಯಸ್ಸಿನವರಿಗೆ ಅಣ್ಣಾರ, ಹೆಣ್ಣುಮಕ್ಕಳು ಅಂಗಡಿ ನಡೆಸುತ್ತಿದ್ದರೆ ಅಕ್ಕಾರ. ಬೆಂಗಳೂರಿನ "ಬಾಸ್", "ಗುರು" ಇಲ್ಲಿ ಅಷ್ಟು ಒಗ್ಗಲ್ಲ. "ರೀ" ಒಂದು ಹಚ್ಚಿದರೆ ಲಿಂಬಿ ಸ್ವಲ್ಪ ಜಾಸ್ತಿಯೇ ಹಿಂಡುತ್ತಾರೆ.

ಬೆಳಗಾವಿಗೆ ಬಂದರೆ ಪಟ್ಟಿಗೆ ಕೋಕಮ್ ಸೇರುತ್ತೆ. ಗೋವಾ, ಕೊಂಕಣ ಎರಡೂ ಹತ್ತಿರ ಅಲ್ವಾ. ಅದೇ ಹಣ್ಣಿಗೆ ಶಿರಸಿ ಕಡೆ ಮುರುಗಲು, ಮಂಗಳೂರು ಕಡೆ ಪುನರ್ಪುಳಿ. ಇಲ್ಲಿ ಬರೀ "ಕೋಕಮ್ ಕೊಡ್ರಿ" ಅನ್ನಬೇಡಿ, ಅದು ಮೂರು ಬೇರೆ ವಸ್ತು ಆಗಬಹುದು. ಸಿಹಿ ಶರಬತ್ತು ಬೇಕಿದ್ದರೆ "ಕೋಕಮ್ ಶರಬತ್". "ಸೋಲ್‌ಕಢಿ" ಅಂದರೆ ತೆಂಗಿನ ಹಾಲು, ಬೆಳ್ಳುಳ್ಳಿ ಹಾಕಿದ ನಸುಗೆಂಪು ಬಣ್ಣದ್ದು, ಊಟದ ಜೊತೆ ಕುಡಿಯೋದು, ಅದರಲ್ಲಿ ಸಿಹಿ ಇಲ್ಲ. ಮನೆಗೆ ಬಾಟ್ಲಿ ಒಯ್ಯುವಾಗ ಚೀಟಿ ಓದಿ. "ಆಗಳ್" ಅಂತಿದ್ದರೆ ಅದು ಉಪ್ಪು ಹಾಕಿದ ಗಟ್ಟಿ ರಸ, ಅಡುಗೆಗೆ, ಕಢಿಗೆ. ಅದನ್ನು ಶರಬತ್ತು ಅಂತ ನೀರಿಗೆ ಹಾಕಿ ಮಕ್ಕಳಿಗೆ ಕೊಟ್ಟರೆ ಮುಂದೆ ಅವರು ಕೋಕಮ್ ಹೆಸರೇ ಎತ್ತಲ್ಲ. ಎಳನೀರಿಗೂ ಊರೂರಿಗೆ ಹೆಸರು ಬೇರೆ: ಮಂಗಳೂರಲ್ಲಿ ಬೊಂಡ, ಬೆಳಗಾವಿಯ ಮರಾಠಿ ಮಾತಾಡುವವರಲ್ಲಿ ಶಹಾಳೆ. ಎಳನೀರು ಅಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಯಲ್ಲಿ ಸಿಗುತ್ತೆ, ತಲೆ ಕೆಡಿಸಿಕೊಳ್ಳಬೇಡಿ.

ಕಬ್ಬಿನ ಹಾಲು ನಿಮಗೆ ಗೊತ್ತೇ ಇರುತ್ತೆ. ಬೆಳಗಾವಿ ಕಡೆ "ರಸವಂತಿ" ಅಂತ ಬೋರ್ಡು ಕಂಡರೆ ಅದೇ ಅಂಗಡಿ. ಬೋರ್ಡು ಓದೋಕೆ ಬರದಿದ್ದರೆ ಗಾಣಕ್ಕೆ ಕಟ್ಟಿದ ಗೆಜ್ಜೆಯ ಸದ್ದು ಹಿಡಿದು ಹೋಗಿ. ಮುಧೋಳ, ಜಮಖಂಡಿ ಕಬ್ಬಿನ ಸೀಮೆ, ಅಲ್ಲಿ "ಜ್ಯೂಸ್" ಅಂತ ಕೇಳಿ ಸಣ್ಣ ಆಗಬೇಡಿ.

ಜ್ಯೂಸ್ ಅಂದೆ, ಅದನ್ನೂ ಹೇಳಿಬಿಡುತ್ತೇನೆ. ಬೆಂಗಳೂರು ಕಡೆಯ ಮಕ್ಕಳಿಗೆ ಫ್ರೂಟಿ, ಮಾಝಾ ಎಲ್ಲವೂ ಜ್ಯೂಸ್. ಇಲ್ಲಿ ಜ್ಯೂಸ್ ಸೆಂಟರಿನಲ್ಲಿ ಜ್ಯೂಸ್ ಅಂದರೆ ಹಣ್ಣು ಕೊಯ್ದು ಮಿಕ್ಸರಿಗೆ ಹಾಕಿದ್ದು, ಹಾಲು ಹಾಕಲಾ ಅಂತ ಕೇಳುತ್ತಾರೆ. ಹಾಲು ಬೇಡದಿದ್ದರೆ ಮೊದಲೇ ಹೇಳಿ.

ಹಬ್ಬದಲ್ಲಿ ಮಾತು ಮತ್ತೆ ಬದಲಾಗುತ್ತೆ. ವಿಜಯಪುರದಲ್ಲಿ ರಂಜಾನ್ ತಿಂಗಳ ಸಂಜೆ ಶರಬತ್ ಅಂದರೆ ಲಿಂಬುವಿನದೇ ಆಗಬೇಕಂತಿಲ್ಲ, ಕೆಂಪು ರೂಹ್ ಅಫ್ಜಾ ಹಾಕಿದ್ದೂ ಇರುತ್ತೆ, ಕೆಲವರು ಹಾಲಿಗೇ ಹಾಕುತ್ತಾರೆ. ಇನ್ನು ಯುಗಾದಿಗೆ "ಬೇವು ಕುಡಿಯಾಕ ಬರ್ರಿ" ಅಂತ ಯಾರಾದರೂ ಕರೆದರೆ ಗಾಬರಿ ಬೇಡ. ದಕ್ಷಿಣದಲ್ಲಿ ಬೇವು ಬೆಲ್ಲ ಅಂದರೆ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳೋದು. ನಮ್ಮ ಕಡೆ ಅದು ಗ್ಲಾಸಿನಲ್ಲಿ ಬರುತ್ತೆ. ಬೆಲ್ಲ, ಹುಣಸೆ, ಮಾವಿನಕಾಯಿ, ಪುಠಾಣಿ (ಹುರಿಗಡಲೆ) ಹಿಟ್ಟು, ಒಣಹಣ್ಣು, ಮೇಲೆ ಹೆಸರಿಗೆ ನಾಲ್ಕು ಬೇವಿನ ಹೂವು. ಕಹಿ ಹುಡುಕಿದರೂ ಸಿಗಲ್ಲ. ಎರಡನೇ ಗ್ಲಾಸು ನೀವೇ ಕೇಳುತ್ತೀರಿ, ಕೇಳಬೇಕು ಕೂಡ, ಮನೆಯವರಿಗೆ ಅದೇ ಖುಷಿ.

ದುಡ್ಡಿನ ವಿಷಯ. ಬಾಟ್ಲಿಯ ಮೇಲೆ ಎಂಆರ್‌ಪಿ ಇರುತ್ತೆ, ಅದಕ್ಕಿಂತ ಜಾಸ್ತಿ ತಗೊಳ್ಳೋದು ಕಾನೂನಿಗೆ ವಿರುದ್ಧ. ಬಸ್ ಸ್ಟ್ಯಾಂಡು, ಜಾತ್ರೆಗಳಲ್ಲಿ "ಫ್ರಿಜ್‌ನಾಗಿಂದ್ರೀ, ಎರಡು ರೂಪಾಯಿ ಹೆಚ್ಚಿಗಿ" ಅನ್ನುವವರು ಇದ್ದಾರೆ. ಬಾಟ್ಲಿ ತಿರುಗಿಸಿ ಬೆಲೆಯ ಮೇಲೆ ಬೆರಳಿಟ್ಟು "ಇಲ್ಲಿ ಇಷ್ಟ ಐತಲ್ರೀ" ಅಂತ ನಕ್ಕು ಹೇಳಿ, ಬಹಳ ಸಲ ಅಷ್ಟಕ್ಕೇ ಮುಗಿಯುತ್ತೆ. ಗಾಜಿನ ಬಾಟ್ಲಿ ಆದರೆ ಅಲ್ಲೇ ನಿಂತು ಕುಡಿದು ಖಾಲಿ ಬಾಟ್ಲಿ ಕ್ರೇಟಿಗೆ ಹಾಕಿ ಹೋಗಿ. ಬಸ್ಸು ಹೊರಟಿತು ಅಂತ ಬಾಟ್ಲಿ ಹಿಡಿದು ಓಡಿದರೆ ಹಿಂದೆ "ಏ ಸಾಹೇಬ್ರ, ಬಾಟ್ಲಿ!" ಅಂತ ಕೂಗು ಬರುತ್ತೆ, ಕಂಡಕ್ಟರೂ ಬಸ್ಸು ನಿಲ್ಲಿಸಿ ಬಾಟ್ಲಿ ಕೊಡಿಸಿಯೇ ರೈಟ್ ಅನ್ನೋದು.