ಈರುಳ್ಳಿ ಸುಲಿಯುವಾಗ ಆ ಎರಡನೇ ಪದರ ಬಿಸಾಡಬೇಡಿ

ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಬೇಕೇ ಬೇಕು. ಆ ಮಂಡಕ್ಕಿಗೆ ಹಸಿ ಈರುಳ್ಳಿ ಹೆಚ್ಚಿ ಹಾಕುತ್ತಾರಲ್ಲ, ಅದು ಬರೀ ರುಚಿಗಲ್ಲ. ನಮ್ಮ ರಕ್ತನಾಳಕ್ಕೂ ಅದರಿಂದ ಉಪಕಾರವಿದೆ.

ಮೊದಲು ನಾಳದ ಕಥೆ ಕೇಳಿ. ಅದರ ಗೋಡೆಯ ನಡುವಿನ ಪದರದಲ್ಲಿ ಮೃದು ಸ್ನಾಯುವಿನ ಕೋಶಗಳಿವೆ. ಡಾಕ್ಟರು ಸ್ಮೂತ್ ಮಸಲ್ ಅನ್ನುವುದು ಇದನ್ನೇ. ಇವು ನಮ್ಮ ಮಾತು ಕೇಳುವುದಿಲ್ಲ, ತಾವಾಗಿಯೇ ಬಿಗಿಯುತ್ತವೆ, ಸಡಿಲಾಗುತ್ತವೆ. ಸಡಿಲಾಗಲು ಸೂಚನೆ ಕೊಡುವುದು ಒಳಪದರದಿಂದ ಬರುವ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ. ಈ ಕೆಲಸ ಬಿಡಿಸಿ ತೋರಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಬೀಡಿ ಸಿಗರೇಟು, ಬಿಪಿ, ಶುಗರ್ ಇದ್ದರೆ ಸೂಪರಾಕ್ಸೈಡ್ ಅನ್ನುವ ಕಣ ಜಾಸ್ತಿ ಹುಟ್ಟಿ ಈ ನೈಟ್ರಿಕ್ ಆಕ್ಸೈಡನ್ನು ನುಂಗಿ ಹಾಕುತ್ತದೆ, ನಾಳ ಬಿಗಿದೇ ಇರುತ್ತದೆ, ಸ್ನಾಯುಕೋಶಗಳು ಬೇಕಾದ್ದಕ್ಕಿಂತ ಜಾಸ್ತಿ ಬೆಳೆದು ಒಳಕ್ಕೆ ಸರಿಯುತ್ತವೆ, ಗೋಡೆ ದಪ್ಪಗಾಗುತ್ತದೆ.

ಈರುಳ್ಳಿಯಂಥ ಗಿಡದ ಆಹಾರದಲ್ಲಿರುವ ಆಂಟಿಆಕ್ಸಿಡೆಂಟುಗಳು, ಅಂದರೆ ಇಂಥ ಕಣಗಳ ಹಾನಿ ತಡೆಯುವ ಪದಾರ್ಥಗಳು, ಆ ಕಣಗಳನ್ನು ನೇರವಾಗಿ ಹಿಡಿಯುವುದು ಕಡಿಮೆ. ಕೋಶದೊಳಗೆ ಎನ್ಆರ್‌ಎಫ್2 ಅನ್ನುವ ಪ್ರೋಟೀನನ್ನು ಎಬ್ಬಿಸಿ, ಕೋಶ ತನ್ನ ಕಾವಲನ್ನು ತಾನೇ ಮಾಡಿಕೊಳ್ಳುವ ಹಾಗೆ ಮಾಡುತ್ತವೆ. ಇದು ಜಾಸ್ತಿ ಕಂಡಿರುವುದು ಲ್ಯಾಬಿನ ಕೋಶಗಳಲ್ಲಿ, ಅದೂ ಊಟದಿಂದ ಸಿಗುವುದಕ್ಕಿಂತ ತುಂಬಾ ದೊಡ್ಡ ಪ್ರಮಾಣದಲ್ಲಿ. ಹಾಗಾಗಿ ಊಟದಲ್ಲಿ ಇರುವಷ್ಟನ್ನು ಕಳೆದುಕೊಳ್ಳದೆ ಉಳಿಸಿಕೊಳ್ಳಬೇಕು.

ಈಗ ಅಡುಗೆಮನೆಗೆ ಬನ್ನಿ. ಚಳ್ಳಕೆರೆ ಕಡೆಯ ಕೆಂಪು ಈರುಳ್ಳಿ ಒಂದನ್ನು ಕೈಗೆತ್ತಿಕೊಳ್ಳಿ. ಮೇಲಿನ ಒಣ ಸಿಪ್ಪೆ ತೆಗೆಯಿರಿ, ಸಾಕು. ಅದರ ಕೆಳಗೆ ಅಂಚು ಒಣಗಿ ನಡುವೆ ಮಾತ್ರ ರಸ ಇರುವ, ಕಡುನೇರಳೆ ಬಣ್ಣದ ಒಂದು ಪದರ ಸಿಗುತ್ತದೆ. ಅವಸರದಲ್ಲಿ ಎಲ್ಲರೂ ಅದನ್ನೂ ಕಿತ್ತು ಬಿಸಾಡುತ್ತೇವೆ ಅಲ್ವಾ? ಕ್ವೆರ್ಸೆಟಿನ್ ಅನ್ನುವ ಈರುಳ್ಳಿಯ ಆಂಟಿಆಕ್ಸಿಡೆಂಟ್ ಜಾಸ್ತಿ ಇರುವುದು ಹೊರಗಿನ ಈ ಪದರಗಳಲ್ಲೇ, ಒಳಗೆ ಹೋದಂತೆ ಕಡಿಮೆ. ಒಣಗಿದ ಅಂಚು ಮಾತ್ರ ಕತ್ತರಿಸಿ, ಉಳಿದದ್ದು ಪಲ್ಯಕ್ಕೆ ಹಾಕಿ. ಬೇಯಿಸಿದರೆ ಕ್ವೆರ್ಸೆಟಿನ್ ನೀರಿಗೆ ಇಳಿಯುತ್ತದೆ, ಆ ನೀರು ಚೆಲ್ಲದೆ ಸಾರಿಗೇ ಬಳಸಿ.

ಶೇಂಗಾ ಹುರಿದ ಮೇಲೆ ಉಜ್ಜಿ ಊದಿ ಕೆಂಪು ಹೊಟ್ಟು ಹಾರಿಸುವ ರೂಢಿ ಬಿಡಿ, ಪಾಲಿಫೀನಾಲ್ ಅನ್ನುವ ಆಂಟಿಆಕ್ಸಿಡೆಂಟುಗಳು ಇರುವುದು ಅದರಲ್ಲೇ. ಟೊಮೆಟೊ ಎಣ್ಣೆಯಲ್ಲಿ ಬಾಡಿಸಿದರೆ ಅದರ ಕೆಂಪು ಬಣ್ಣದ ಆಂಟಿಆಕ್ಸಿಡೆಂಟ್ ಲೈಕೋಪೀನ್ ಮೈಗೆ ಚೆನ್ನಾಗಿ ಹತ್ತುತ್ತದೆ. ಅರಿಶಿನದ ಸತ್ವವೂ ಹಾಗೆ ಮೈಗೆ ಹತ್ತಲು ಜೊತೆಗೆ ಚಿಟಿಕೆ ಕರಿಮೆಣಸು ಇರಲಿ. ಕಾದ ಎಣ್ಣೆಯನ್ನೇ ದಿನಾ ಕಾಯಿಸಿ ಮಿರ್ಚಿ ಕರಿಯಬೇಡಿ, ಕೆಟ್ಟ ಎಣ್ಣೆ ಈ ಎಲ್ಲ ಲಾಭವನ್ನೂ ತಿಂದು ಹಾಕುತ್ತದೆ.

ಹೊಸದುರ್ಗ, ಹಿರಿಯೂರಿನ ದಾಳಿಂಬೆ ಸಿಕ್ಕರೆ ಕಾಳನ್ನೇ ತಿನ್ನಿ. ಜ್ಯೂಸಾದರೆ ನಾರು ಹೋಗುತ್ತದೆ, ಸಕ್ಕರೆ ಬೇಗ ಏರುತ್ತದೆ, ಶುಗರ್ ಇರುವವರು ಇದನ್ನು ಮರೆಯಬಾರದು.

ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಆಯ್ತಲ್ಲ ಅಂತ ಕೇಳುವವರಿದ್ದಾರೆ. 1994ರಲ್ಲಿ ಫಿನ್‌ಲೆಂಡಿನ ಅಧ್ಯಯನವೊಂದರಲ್ಲಿ, ಬೀಟಾ ಕ್ಯಾರೊಟಿನ್ ಅನ್ನುವ ಆಂಟಿಆಕ್ಸಿಡೆಂಟಿನ ಮಾತ್ರೆ ತೆಗೆದುಕೊಂಡ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಸುಮ್ನೆ ಪ್ರಯೋಗ ಮಾಡಬೇಡಿ. ಬಿಪಿ ಮಾತ್ರೆ ನಿಲ್ಲಿಸಬೇಡಿ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಅರಿಶಿನದ ಕ್ಯಾಪ್ಸೂಲ್ ಮುಟ್ಟುವ ಮೊದಲು ಡಾಕ್ಟರನ್ನು ಕೇಳಿ.